ಕಮಾನಿನ ಕೂದಲು

ಅಕ್ಟೋಬರಿನ ಮೊದಲ ಸೋಮವಾರ ಸ್ಕೈದ್ರೀತೆ ಬರುತ್ತಿದ್ದಳು,
ರೀಗಾದ ಈ ನೆಲಮಾಳಿಗೆಗೆ, ಹನ್ನೆರಡು ಮೆಟ್ಟಿಲಿಳಿದು.
ಕೈಗವಸು ಕಳಚುವ ಮೊದಲೇ ಕಮಾನು ಮೇಜಿಗಿಟ್ಟು
ಕೂದಲು ಬದಲಿಸು, ಅನ್ನುತ್ತಿದ್ದಳು. ಅಷ್ಟೇ.
ಮೂವತ್ತನಾಲ್ಕು ಅಕ್ಟೋಬರು.

ಪಿಟೀಲು ನುಡಿಸಲು ನನಗೆ ಬಾರದು.
ಕುದುರೆ ಬಾಲ ಬಾಚಿ, ನೂರೈವತ್ತು ಎಳೆ ಆರಿಸಿ,
ಗಂಟು ಬಿಗಿದು ಬೆಣೆ ಬಡಿಯುವುದು ನನ್ನ ಕಸುಬು.
ಆದರೆ ಸವೆದ ಕೂದಲನ್ನು ಓದಬಲ್ಲೆ,
ಮೆಟ್ಟು ಹೊಲಿಯುವವನು ಹಿಮ್ಮಡಿ ನೋಡಿ
ನಡಿಗೆ ಹೇಳುವ ಹಾಗೆ.

ಅವಳ ಕಮಾನು ಯಾವಾಗಲೂ ತುದಿಯಲ್ಲಿ ಬೋಳು.
ಹಿಡಿಯ ಬಳಿ ಇನ್ನೂ ನಾನು ಕಟ್ಟಿಕೊಟ್ಟ ಬಿಳುಪು,
ತುದಿಯ ನಾಲ್ಕು ಬೆರಳಗಲ ಮಾತ್ರ ಚಿಂದಿ.
ಎರಡನೇ ಪಿಟೀಲುಗಳ ಸಾಲು, ಐದನೇ ಜೋಡಿ, ಒಳಬದಿ.
ಅಲ್ಲಿ ಕೂತವರ ಪಾಲಿಗೆ ಬರುವುದು ತುದಿಯೇ:
ಯಾರದೋ ರಾಗದ ಕೆಳಗೆ ಸಣ್ಣಗೆ ನಡುಗುತ್ತಿರುವುದು,
ಗುಡುಗು ಬರುವ ಮುಂಚಿನ ಗಾಳಿಯಾಗುವುದು,
ಹಾಡುಗಾರ್ತಿ ಸಾಯುವಷ್ಟು ಹೊತ್ತೂ ಕಂಪಿಸಿ
ಅವಳು ಸತ್ತ ಮೇಲೆ ಹಾಳೆ ತಿರುವುವುದು.
ಹಾಳೆ ಒಳಬದಿಯವರೇ ತಿರುವಬೇಕು, ಅದು ಕಟ್ಟಳೆ.
ತಿರುವುವಾಗ ಬಿಟ್ಟ ಸ್ವರಗಳನ್ನೆಲ್ಲ ಕೂಡಿಟ್ಟಿದ್ದರೆ
ಒಂದಿಡೀ ಸಂಜೆಯ ಕಚೇರಿಯಾಗುತ್ತಿತ್ತು, ಅಂದಿದ್ದಳೊಮ್ಮೆ.
ನಗಲಿಲ್ಲ.

ಕೋಲು ಹಿಡಿದು ಎದುರು ನಿಂತವರು ಹನ್ನೊಂದು ಮಂದಿ
ಬಂದರು, ಹೋದರು.
ಒಬ್ಬ ಅವಳ ಹೆಸರು ಕೇಳಿದ, ತನ್ನ ಬೀಳ್ಕೊಡುಗೆಯ ದಿನ.
ತಾಷ್ಕೆಂಟಿಗೆ ಹಗಲೂ ರಾತ್ರಿ ರೈಲು,
ತೊಡೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಬೇಯಿಸಿದ ಮೊಟ್ಟೆ.
ಸಂಬಳವಿಲ್ಲದ ವರ್ಷ
ಕಾಡುಹಣ್ಣಿನ ಮುರಬ್ಬದ ಬಾಟಲಿ ಮುಂದಿಟ್ಟು
ಚಿಲ್ಲರೆ ಇದೆಯಾ ಎಂದಳು.
ಒಂದುಂಡೆ ರಾಳ ಕೊಟ್ಟೆ ಚಿಲ್ಲರೆಗೆ.

ಒಮ್ಮೆ ಟಿಕೀಟು ತಂದುಕೊಟ್ಟಳು. ಕೋಟು ಇಸ್ತ್ರಿ ಮಾಡಿಸಿ ಹೋದೆ.
ಬಾಲ್ಕನಿಯಿಂದ ಕಂಡದ್ದು ಗಾಳಿಗೆ ಬಾಗಿದ ಪೈರು,
ಹದಿನಾಲ್ಕು ಕಮಾನು, ಒಂದೇ ಓರೆ.
ಅದರಲ್ಲಿ ನಾನು ಕಟ್ಟಿದ ಕೂದಲು ಯಾವುದು?
ಕಿವಿ ಚಾಚಿ ಚಾಚಿ ಕತ್ತು ನೋವು.
ಹೇಗಿತ್ತು, ಕೇಳಿದಳು.
ನೀನು ಕೇಳಿಸಲೇ ಇಲ್ಲ, ಅಂದುಬಿಟ್ಟೆ.
ಆ ಮುಖ ಅರಳಿದ್ದು ನಾನು ಕಂಡದ್ದು ಅಂದೇ.
ಹಾಗಾದರೆ ಸರಿಯಾಗಿಯೇ ನುಡಿಸಿದ್ದೇನೆ, ಅಂದಳು.
ನಿಜ ತಾನೆ, ಉಪ್ಪು ಹದವಾಗಿ ಬಿದ್ದ ದಿನ
ಉಪ್ಪಿನ ಮಾತು ಎತ್ತುವವರು ಯಾರು?

ಹೋದ ವರ್ಷ ಹೂಗುಚ್ಛ ಕೊಟ್ಟು, ಗೋಡೆ ಗಡಿಯಾರ ಕೊಟ್ಟು,
ಅವಳ ಕುರ್ಚಿಯಲ್ಲಿ ಇಪ್ಪತ್ತಮೂರರ ಹುಡುಗನನ್ನು ಕೂರಿಸಿದರು.
ಅಕ್ಟೋಬರ್ ಬಂತು. ಅವಳು ಬರಲಿಲ್ಲ.
ಆ ಸೋಮವಾರ ಸುಮ್ಮನೆ ಒಂದು ಕಟ್ಟು ಕೂದಲು ಬಾಚಿ
ಮತ್ತೆ ಮೊಳೆಗೆ ತೂಗುಹಾಕಿದೆ.

ಮೊನ್ನೆ ಬಂದಳು. ಮಾರ್ಚಿನಲ್ಲಿ!
ದೌಗವಾ ನದಿಯ ಹೆಪ್ಪು ಬಿರಿಯುವ ವಾರ,
ಮೆಟ್ಟಿಲ ತುಂಬ ಅವಳ ಬೂಟಿನ ಕೆಸರು.
ಕಮಾನನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಹಿಡಿಯಿಂದ ತುದಿಯವರೆಗೆ ಸವೆದಿದೆ,
ನಡುವೆಯಂತೂ ಕಪ್ಪು, ರಾಳ ಹೀರಿ ಹೀರಿ.
ಇದು ಬೇರೆ ಯಾರದೋ ಕಮಾನು ಎಂದೆ.
ನನ್ನದೇ, ಅಂದಳು. ಗುರುವಾರ ಗುರುವಾರ ನಾವು ನಾಲ್ವರು,
ಲಾಂಡ್ರಿಯ ಮೇಲಿನ ಕೋಣೆ.
ಹಲ್ಲು ಕಟ್ಟುವ ಗುನಾರ್ಸ್‌ನದು ವಿಯೋಲಾ,
ಟ್ರಾಮ್ ಓಡಿಸುವ ಇಲ್ಮಾಳ ಚೆಲ್ಲೊ,
ಮೊದಲನೆಯದಕ್ಕೆ ನನ್ನ ಹಳೆಯ ಶಿಷ್ಯೆಯೊಬ್ಬಳು.
ಕೆಳಗೆ ಯಂತ್ರ ಗಿರಗುಟ್ಟಿದರೆ ನಿಲ್ಲಿಸುತ್ತೇವೆ,
ನಿಂತರೆ ಶುರು.
ಕೋಲು ಯಾರದೂ ಇಲ್ಲ, ಒಬ್ಬರು ಉಸಿರೆಳೆದರೆ ಸಾಕು.

ಅಲ್ಲಿಯೂ ಎರಡನೆಯವಳೇ?

ಎರಡನೆಯವಳೇ. ಆದರೆ ಅಲ್ಲಿ ನಾನು ತಪ್ಪಿದರೆ
ಮೂವರೂ ನನ್ನತ್ತ ತಿರುಗಿ ನೋಡುತ್ತಾರೆ,
ಅಂದಳು, ಹೊಸ ಬಳೆ ತೋರಿಸುವವಳ ಹಾಗೆ.

ಹಳೆಯ ಕೂದಲೆಲ್ಲ ಒಂದು ಡಬ್ಬಿಗೆ ಹಾಕುವುದು ರೂಢಿ,
ಕುಂಚ ಕಟ್ಟುವವರು ಬಂದು ಒಯ್ಯುತ್ತಾರೆ.
ಇದೊಂದನ್ನು ಬೇರೆ ಸುತ್ತಿಟ್ಟಿದ್ದೇನೆ,
ಯಾಕೆಂದು ಕೇಳಬೇಡಿ.

ರೇಟು ಏರಿದೆ, ಎಂದೆ.
ಮುರಬ್ಬ ನಡೆಯುತ್ತಾ, ಎಂದಳು.
ಚಿಲ್ಲರೆ ಇಲ್ಲ, ಎಂದೆ.